ಫೋನ್ ವಂಚನೆಯಿಂದ ನೆರೆಯ ಹಿರಿಯರನ್ನು ಕಾಯುವುದು ಹೇಗೆ: ಬಡಾವಣೆ, ಹಳ್ಳಿಯ ತಂಡಗಳಿಗೆ ಸಮಗ್ರ ಮಾರ್ಗದರ್ಶಿ

ಒಂಟಿಯಾಗಿರುವ ಹಿರಿಯರಿಗೆ ಬರುವ ವಂಚನೆ ಕರೆಗಳ ವೇಷ ಬಗೆಬಗೆಯದು. ಒಬ್ಬ ಪೊಲೀಸ್ ಎನ್ನುತ್ತಾನೆ, ಇನ್ನೊಬ್ಬ ಬ್ಯಾಂಕ್ ಮ್ಯಾನೇಜರ್ ಎನ್ನುತ್ತಾನೆ, ಮತ್ತೊಬ್ಬ ಮೊಮ್ಮಗನ ದನಿಯಲ್ಲೇ ಅಳುತ್ತಾನೆ. ಆದರೆ ದೊಡ್ಡ ಮೊತ್ತ ಕೈಬಿಡುವ ಕರೆಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತದೆ: "ಈ ವಿಷಯ ಯಾರಿಗೂ ಹೇಳಬೇಡಿ." ಮಗಳಿಗೋ ಪಕ್ಕದ ಮನೆಯವರಿಗೋ ಬಾಯಿಬಿಟ್ಟರೆ ಐದು ನಿಮಿಷದಲ್ಲಿ ಬಣ್ಣ ಬಯಲಾಗುತ್ತದೆ ಎಂಬುದು ಕರೆ ಮಾಡಿದವನಿಗೆ ಚೆನ್ನಾಗಿ ಗೊತ್ತು.

ಜಾಗೃತಿ ಭಾಷಣ, ಕರಪತ್ರ, ವಾಟ್ಸ್ಆ್ಯಪ್ ಫಾರ್ವರ್ಡ್ ಇವೆಲ್ಲ ಇದ್ದೂ ಜನ ಮೋಸ ಹೋಗುತ್ತಿರುವುದು ಇದೇ ಕಾರಣಕ್ಕೆ. ಎದೆ ನಡುಗುತ್ತಿರುವ ಹೊತ್ತಿನಲ್ಲಿ ಓದಿದ್ದು ನೆನಪಿಗೆ ಬರುವುದಿಲ್ಲ. "ಇವರಿಗೊಂದು ಮಾತು ಕೇಳೋಣ" ಎನ್ನಿಸುವಂಥ ಒಬ್ಬ ಮನುಷ್ಯ ನೆನಪಿಗೆ ಬಂದರೆ ಸಾಕು. ಅಂಥ ಒಬ್ಬರನ್ನು ಪ್ರತಿ ಮನೆಗೂ ಒದಗಿಸುವುದು ಹೇಗೆ, ಫೋನು ಮತ್ತು ಬ್ಯಾಂಕ್ ಖಾತೆಗೆ ಬೇಲಿ ಹಾಕುವುದು ಹೇಗೆ, ಹಣ ಹೋದರೆ ಮೊದಲ ಗಂಟೆಯಲ್ಲಿ ಏನು ಮಾಡಬೇಕು ಎಂಬುದು ಇಲ್ಲಿದೆ. ಅಪಾರ್ಟ್‌ಮೆಂಟ್ ಸಂಘ, ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘ, ಹಿರಿಯ ನಾಗರಿಕರ ವೇದಿಕೆ, ಸ್ತ್ರೀಶಕ್ತಿ ಸಂಘ, ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ, ಯಾರು ಬೇಕಾದರೂ ಈ ಕೆಲಸ ಶುರು ಮಾಡಬಹುದು.

ಹಂತ 1: ಯಾರಿಗೆ ಆಸರೆ ಬೇಕು ಎಂದು ಗುರುತಿಸಿ

ವಯಸ್ಸೊಂದನ್ನೇ ನೋಡಬೇಡಿ. ಎಂಬತ್ತರ ಅಜ್ಜಿಯ ಬಳಿ ಕೀಪ್ಯಾಡ್ ಫೋನ್ ಮಾತ್ರ ಇದ್ದು, ಖಾತೆಗೆ ಯುಪಿಐ ಜೋಡಿಸಿಲ್ಲದಿದ್ದರೆ ಅವರಿಗೆ ಅಪಾಯ ಕಡಿಮೆ. ಈಚೆಗೆ ನಿವೃತ್ತರಾದ, ಗ್ರಾಚ್ಯುಟಿ ಮತ್ತು ಪಿಎಫ್ ಹಣ ಒಟ್ಟಿಗೆ ಬಂದಿರುವ, ನೆಟ್ ಬ್ಯಾಂಕಿಂಗ್ ಬಲ್ಲ ಅರವತ್ತೆರಡರ ಅಧಿಕಾರಿಗೆ ಅಪಾಯ ಹೆಚ್ಚು. ಓದಿದವರು, ಕಾನೂನಿಗೆ ಅಂಜಿ ನಡೆದವರು "ನಿಮ್ಮ ಮೇಲೆ ಕೇಸಿದೆ" ಎಂಬ ಮಾತಿಗೆ ಬೇಗ ಹೆದರುತ್ತಾರೆ.

ಪಟ್ಟಿ ಮಾಡುವಾಗ ಇವನ್ನು ಗಮನಿಸಿ: ಮನೆಯಲ್ಲಿ ಒಬ್ಬರೇ ಇದ್ದಾರೆಯೇ, ಹಗಲಿಡೀ ಒಬ್ಬರೇ ಇರುತ್ತಾರೆಯೇ, ಈ ವರ್ಷ ಗಂಡ ಅಥವಾ ಹೆಂಡತಿ ತೀರಿಕೊಂಡಿದ್ದಾರೆಯೇ, ಮಕ್ಕಳು ವಿದೇಶದಲ್ಲಿದ್ದಾರೆಯೇ, ಮರೆವು ಶುರುವಾಗಿದೆಯೇ, ಕಿವಿ ಅಥವಾ ಕಣ್ಣು ಮಂದವೇ, ಒಮ್ಮೆ ಮೋಸ ಹೋಗಿದ್ದಾರೆಯೇ. ಕೊನೆಯದು ತುಂಬ ಮುಖ್ಯ. ಒಮ್ಮೆ ಹಣ ಕೊಟ್ಟವರ ನಂಬರು ವಂಚಕರ ನಡುವೆ ಕೈಬದಲಾಗುತ್ತದೆ, ಮತ್ತೆ ಕರೆ ಬರುತ್ತದೆ.

ಈ ಪಟ್ಟಿಯೇ ತಪ್ಪು ಕೈಗೆ ಸಿಕ್ಕರೆ ಅಪಾಯ. ಆದ್ದರಿಂದ ಒಂದೇ ನೋಟ್‌ಬುಕ್ಕಿನಲ್ಲಿ ಕೈಯಲ್ಲಿ ಬರೆಯಿರಿ, ಒಬ್ಬರ ಮನೆಯ ಬೀರುವಿನಲ್ಲಿಡಿ. ಹೆಸರು, ಮನೆ ನಂಬರು, ಮಕ್ಕಳ ಅಥವಾ ಹತ್ತಿರದವರ ಫೋನ್ ಮಾತ್ರ ಸಾಕು. ಬ್ಯಾಂಕಿನ ಹೆಸರು, ಪಿಂಚಣಿ ಎಷ್ಟು ಎಂಬುದು ಬೇಡ. ಫೋಟೊ ತೆಗೆದು ಗ್ರೂಪಿಗೆ ಹಾಕುವುದಂತೂ ಬೇಡವೇ ಬೇಡ. ಪಟ್ಟಿಗೆ ಸೇರಿಸುವ ಮುಂಚೆ ಅವರ ಒಪ್ಪಿಗೆ ಕೇಳಿ; ಬೇಡ ಎಂದವರನ್ನು ಬಿಡಿ, ಎರಡು ತಿಂಗಳಾದ ಮೇಲೆ ಮತ್ತೊಮ್ಮೆ ಕೇಳಬಹುದು.

ಹಂತ 2: ಜೊತೆಗಾರರನ್ನು ನೇಮಿಸಿ

ಒಬ್ಬ ಸ್ವಯಂಸೇವಕರಿಗೆ ನಾಲ್ಕೈದು ಮನೆಗಿಂತ ಹೆಚ್ಚು ಕೊಡಬೇಡಿ. ವಾರಕ್ಕೊಮ್ಮೆ, ಒಂದು ಗೊತ್ತಾದ ದಿನ ಫೋನ್ ಮಾಡುವುದು, ತಿಂಗಳಿಗೊಮ್ಮೆ ಮನೆಗೆ ಹೋಗುವುದು ಅವರ ಕೆಲಸ. ಆ ಕರೆಯಲ್ಲಿ ವಂಚನೆಯ ವಿಷಯವೇ ಬರಬೇಕೆಂದಿಲ್ಲ. ಮಂಡಿ ನೋವು ಹೇಗಿದೆ, ಮಾತ್ರೆ ಮುಗಿದಿದೆಯೇ, ಮಗ ಫೋನ್ ಮಾಡಿದ್ದನೇ ಎಂದು ಕೇಳುತ್ತ ಬೆಳೆದ ಸಲುಗೆಯೇ ಕಷ್ಟದ ದಿನ ಕೆಲಸಕ್ಕೆ ಬರುವುದು. ತಂಡ ಸೋಲುವುದೂ ಇಲ್ಲೇ: ಮೊದಲ ತಿಂಗಳು ಉತ್ಸಾಹ, ಮೂರನೆಯ ತಿಂಗಳಿಗೆ ಕರೆ ನಿಂತಿರುತ್ತದೆ. ಅದಕ್ಕೇ ಪ್ರತಿ ಮನೆಗೆ ಇಬ್ಬರು ಜೊತೆಗಾರರಿರಲಿ, ಒಬ್ಬರು ಊರಿಗೆ ಹೋದರೆ ಇನ್ನೊಬ್ಬರಿದ್ದಾರೆ.

ತಂಡಕ್ಕೆ ಕೆಲವು ಕಟ್ಟುನಿಟ್ಟು ಬೇಕು. ಹಿರಿಯರ ಪಿನ್, ಪಾಸ್‌ವರ್ಡ್, ಒಟಿಪಿಯನ್ನು ಯಾವ ಸ್ವಯಂಸೇವಕರೂ ನೋಡಕೂಡದು. ಅದನ್ನು ಒತ್ತುವಾಗ ಮುಖ ಆಚೆ ತಿರುಗಿಸಿ. ಅವರ ಫೋನ್ ಮುಟ್ಟುವ ಕೆಲಸವಿದ್ದರೆ ಇಬ್ಬರು ಹೋಗಿ, ಸಾಧ್ಯವಿದ್ದರೆ ಅವರ ಮಕ್ಕಳನ್ನು ವಿಡಿಯೊ ಕರೆಯಲ್ಲಿ ಕೂರಿಸಿಕೊಳ್ಳಿ. ವಿಮೆ, ಚೀಟಿ, ಹೂಡಿಕೆ ಮಾರುವವರು ಎಷ್ಟೇ ಒಳ್ಳೆಯವರಾದರೂ ಈ ತಂಡದಲ್ಲಿ ಬೇಡ. ಯಾರಿಂದಲೂ ಹಣ ಪಡೆಯಬೇಡಿ, ಯಾರ ಪರವಾಗಿಯೂ ಹಣ ಕಳಿಸಬೇಡಿ.

ಮನೆಗೆಲಸದವರು, ಸೆಕ್ಯುರಿಟಿ ಗಾರ್ಡ್, ಔಷಧ ಅಂಗಡಿಯವರು, ಹಳ್ಳಿಯಲ್ಲಾದರೆ ಆಶಾ ಕಾರ್ಯಕರ್ತೆ, ಅಂಚೆಯವರು ಇವರನ್ನೂ ಬಳಗಕ್ಕೆ ಸೇರಿಸಿಕೊಳ್ಳಿ. "ಅಮ್ಮ ಬೆಳಿಗ್ಗೆಯಿಂದ ರೂಮಿನ ಬಾಗಿಲು ಹಾಕ್ಕೊಂಡು ಫೋನಲ್ಲೇ ಇದ್ದಾರೆ, ತಿಂಡಿನೂ ತಿಂದಿಲ್ಲ" ಎಂಬುದು ಮೊದಲು ಗೊತ್ತಾಗುವುದು ಮನೆಗೆಲಸದವರಿಗೇ. ಯಾರಿಗೆ ಹೇಳಬೇಕೆಂದು ಅವರಿಗೆ ತಿಳಿದಿರಬೇಕು.

ಹಂತ 3: ಕರೆಗಳ ಒಳಗುಟ್ಟು ತಿಳಿದುಕೊಳ್ಳಿ

ಸ್ವಯಂಸೇವಕರಿಗೆ ಇದು ಪಾಠ. ಎಲ್ಲಕ್ಕಿಂತ ಅಪಾಯಕಾರಿಯಾದ, ವಿಡಿಯೊ ಕರೆಯಲ್ಲೇ ಬಂಧಿಸಿದಂತೆ ನಟಿಸುವ "ಡಿಜಿಟಲ್ ಅರೆಸ್ಟ್" ಬಗ್ಗೆ ಹೆಚ್ಚು ಹೊತ್ತು ಕೊಡಿ.

ಮೊದಲು ಧ್ವನಿಮುದ್ರಿತ ಕರೆ ಬರುತ್ತದೆ: ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕ ವಸ್ತು ಸಿಕ್ಕಿದೆ, ಅಥವಾ ನಿಮ್ಮ ಆಧಾರ್ ಬಳಸಿ ಪಡೆದ ಸಿಮ್‌ನಿಂದ ಅಪರಾಧ ನಡೆದಿದೆ. ಒಂದನ್ನು ಒತ್ತಿದರೆ "ಅಧಿಕಾರಿ" ಸಿಗುತ್ತಾನೆ. ಅವನು ವಿಡಿಯೊ ಕರೆಗೆ ಬರುವಂತೆ ಹೇಳುತ್ತಾನೆ. ಅಲ್ಲಿ ಸಮವಸ್ತ್ರ, ಹಿಂದೆ ಠಾಣೆಯಂಥ ಗೋಡೆ, ಸಿಬಿಐ ಅಥವಾ ಇಡಿ (ಜಾರಿ ನಿರ್ದೇಶನಾಲಯ) ಮೊಹರಿನ ಪತ್ರ, ಕೆಲವೊಮ್ಮೆ ನ್ಯಾಯಾಲಯದ ನಾಟಕವೂ ಇರುತ್ತದೆ. ಕ್ಯಾಮೆರಾ ಆಫ್ ಮಾಡಕೂಡದು, ಕೋಣೆಯಿಂದ ಹೊರಬರಕೂಡದು ಎನ್ನುತ್ತಾರೆ. ರಾತ್ರಿಯಿಡೀ ಕರೆ ನಡೆಯುತ್ತದೆ. ಒಬ್ಬ ಗದರಿದರೆ ಇನ್ನೊಬ್ಬ ಕನಿಕರ ತೋರುತ್ತಾನೆ, "ನೀವು ನಿರಪರಾಧಿ ಅಂತ ನನಗೆ ಗೊತ್ತು, ಹಣ ಪರಿಶೀಲನೆ ಆದ ಮೇಲೆ ವಾಪಸ್ ಬರುತ್ತೆ" ಎಂದು. ನಿದ್ದೆಯಿಲ್ಲದೆ, ಊಟವಿಲ್ಲದೆ, ಭಯದಲ್ಲಿ ನಲುಗಿದ ಮನಸ್ಸು ಎಫ್‌ಡಿ ಮುರಿಸಿ ಆರ್‌ಟಿಜಿಎಸ್ (ದೊಡ್ಡ ಮೊತ್ತದ ಬ್ಯಾಂಕ್ ವರ್ಗಾವಣೆ) ಮಾಡುವುದಕ್ಕೂ ಒಪ್ಪುತ್ತದೆ. ಬ್ಯಾಂಕಿನವರು ಕೇಳಿದರೆ ಏನು ಸುಳ್ಳು ಹೇಳಬೇಕೆಂಬುದನ್ನೂ ಕಲಿಸಿಕೊಟ್ಟಿರುತ್ತಾರೆ.

ಭಾರತದ ಯಾವ ಕಾನೂನಿನಲ್ಲೂ ಡಿಜಿಟಲ್ ಅರೆಸ್ಟ್ ಎಂಬುದಿಲ್ಲ. 2024ರ ಅಕ್ಟೋಬರ್‌ನಲ್ಲಿ ಪ್ರಧಾನಿಯವರು ಮನ್ ಕಿ ಬಾತ್‌ನಲ್ಲೇ ಇದನ್ನು ಹೇಳಿದ್ದರು. ಹಿರಿಯರಿಗೆ ವಿವರಿಸುವಾಗ ಇನ್ನೊಂದು ಸಂಗತಿ ಹೇಳಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 48ನೇ ಕಲಂ ಪ್ರಕಾರ, ನಿಜವಾಗಿ ಬಂಧಿಸಿದ ಪೊಲೀಸರು ಬಂಧಿತರ ಬಂಧುವಿಗೋ ಸ್ನೇಹಿತರಿಗೋ ತಕ್ಷಣ ಆ ವಿಷಯ ತಿಳಿಸಲೇಬೇಕು. ಅಂದರೆ ನಿಜವಾದ ಬಂಧನದಲ್ಲಿ ಮನೆಯವರಿಗೆ ಹೇಳುವುದು ಪೊಲೀಸರ ಕರ್ತವ್ಯ. ಯಾರಿಗೂ ಹೇಳಬೇಡಿ ಎಂದ ಕ್ಷಣವೇ ಆ ಕರೆ ಸುಳ್ಳು. ಕಾನೂನಿಗೆ ಗೌರವ ಕೊಡುವ ಹಿರಿಯರಿಗೆ ಈ ವಾದ ಮನಸ್ಸಿಗೆ ನಾಟುತ್ತದೆ.

ಉಳಿದವು ಚಿಕ್ಕದಾಗಿ:

ವಿದ್ಯುತ್ ಕಡಿತದ ಸಂದೇಶ: "ಇಂದು ರಾತ್ರಿ ನಿಮ್ಮ ಕರೆಂಟ್ ಕಡಿತ, ಈ ನಂಬರಿಗೆ ಕರೆ ಮಾಡಿ." ಕರೆ ಮಾಡಿದರೆ ಸ್ಕ್ರೀನ್ ಹಂಚಿಕೊಳ್ಳುವ ಆ್ಯಪ್ ಹಾಕಿಸುತ್ತಾರೆ. ಅನುಮಾನ ಬಂದರೆ ವಿದ್ಯುತ್ ಕಂಪನಿಯ 1912ಕ್ಕೆ ಕೇಳಬೇಕು.

ಎಪಿಕೆ ಕಡತ (ಪ್ಲೇ ಸ್ಟೋರಿನ ಹೊರಗಿನಿಂದ ಆ್ಯಪ್ ಹಾಕುವ ಕಡತ): ಮದುವೆ ಕರೆಯೋಲೆ, ಟ್ರಾಫಿಕ್ ದಂಡ, ಬ್ಯಾಂಕ್ ಕೆವೈಸಿ ಎಂದು ವಾಟ್ಸ್ಆ್ಯಪ್‌ನಲ್ಲಿ ಬರುತ್ತದೆ. ಒತ್ತಿ ಇನ್‌ಸ್ಟಾಲ್ ಮಾಡಿದರೆ ಫೋನಿಗೆ ಬರುವ ಒಟಿಪಿ ಸಂದೇಶಗಳು ವಂಚಕರ ಕಡೆಗೂ ಹೋಗತೊಡಗುತ್ತವೆ. ಪರಿಚಿತರ ನಂಬರಿನಿಂದಲೇ ಬರಬಹುದು, ಏಕೆಂದರೆ ಅವರ ಫೋನ್ ಮೊದಲೇ ವಂಚಕರ ವಶವಾಗಿರುತ್ತದೆ. ಆಮಂತ್ರಣ ಫೋಟೊ ಅಥವಾ ಪಿಡಿಎಫ್ ಆಗಿರುತ್ತದೆ, ಆ್ಯಪ್ ಆಗಿರುವುದಿಲ್ಲ.

ಜೀವನ ಪ್ರಮಾಣ ಪತ್ರ: ಪಿಂಚಣಿದಾರರು ನವೆಂಬರ್‌ನಲ್ಲಿ ಇದನ್ನು ಸಲ್ಲಿಸುವ ಹೊತ್ತಿಗೆ "ಪಿಂಚಣಿ ಕಚೇರಿ"ಯಿಂದ ಕರೆ ಬಂದು ಒಟಿಪಿ ಕೇಳುತ್ತಾರೆ. ಅಕ್ಟೋಬರ್ ಕೊನೆಯ ವಾರದಲ್ಲೇ ಎಲ್ಲರನ್ನೂ ಎಚ್ಚರಿಸಿ. ಗೃಹಲಕ್ಷ್ಮಿ ಹಣ ನಿಂತಿದೆ, ಲಿಂಕ್ ಒತ್ತಿ ಎಂಬ ಕರೆಯೂ ಇದೇ ಜಾತಿ.

ತಪ್ಪಾಗಿ ಹಣ ಬಂತು: "ನಿಮ್ಮ ಖಾತೆಗೆ ತಪ್ಪಿ ಇಪ್ಪತ್ತು ಸಾವಿರ ಹಾಕಿಬಿಟ್ಟೆ, ಮಗು ಆಸ್ಪತ್ರೆಯಲ್ಲಿದೆ, ವಾಪಸ್ ಹಾಕಿ." ತೋರಿಸುವ ಸಂದೇಶ ಸುಳ್ಳು. ಖಾತೆಯಲ್ಲಿ ಹಣವಿದೆಯೇ ಎಂದು ಬ್ಯಾಲೆನ್ಸ್ ನೋಡದೆ ಒಂದು ಪೈಸೆ ಕಳಿಸಬಾರದು. ಹಣ ನಿಜವಾಗಿ ಬಂದಿದ್ದರೂ ಬ್ಯಾಂಕಿನ ಮೂಲಕವೇ ಹಿಂದಿರುಗಿಸಬೇಕು.

ಮೊಮ್ಮಗನ ದನಿ: ಯಂತ್ರದಿಂದ ದನಿಯನ್ನು ನಕಲು ಮಾಡುವುದು ಈಗ ಸುಲಭ. ಮನೆಮಂದಿಗೆ ಮಾತ್ರ ಗೊತ್ತಿರುವ ಒಂದು ಗುಟ್ಟಿನ ಪದ ಇಟ್ಟುಕೊಳ್ಳಲು ಹೇಳಿ. ಹುಟ್ಟಿದ ದಿನ, ಊರಿನ ಹೆಸರು ಬೇಡ, ಅವು ಫೇಸ್‌ಬುಕ್ಕಿನಲ್ಲಿ ಸಿಗುತ್ತವೆ.

ಹಂತ 4: ಫೋನಿನ ಪಕ್ಕದಲ್ಲಿ ಒಂದು ಚೀಟಿ

ಎ4 ಹಾಳೆಯ ಅರ್ಧ ಸಾಕು. ಅಕ್ಷರ ಬೆರಳಿನಷ್ಟು ದಪ್ಪವಿರಲಿ, ಬಿಳಿಯ ಮೇಲೆ ಕಪ್ಪು. ಫೋನ್ ಚಾರ್ಜಿಗೆ ಹಾಕುವ ಜಾಗದಲ್ಲಿ, ಕೂತಾಗ ಕಣ್ಣಿಗೆ ಬೀಳುವ ಎತ್ತರದಲ್ಲಿ ಅಂಟಿಸಿ. ಬೀರುವಿನ ಒಳಗೆ, ಬಾಗಿಲ ಹಿಂದೆ ಅಂಟಿಸಿದರೆ ವ್ಯರ್ಥ. ಅದರಲ್ಲಿ ಇಷ್ಟೇ ಇರಲಿ:

"ಯಾರು ಹೆದರಿಸಿದರೂ ಮೊದಲು ಫೋನ್ ಇಡುತ್ತೇನೆ.
ಆಮೇಲೆ ಇವರಿಗೆ ಫೋನ್ ಮಾಡುತ್ತೇನೆ: (ಜೊತೆಗಾರರ ಹೆಸರು, ನಂಬರು, ಮಗ ಅಥವಾ ಮಗಳ ನಂಬರು)
ಹಣ ಪಡೆಯಲು ಪಿನ್ ಬೇಡ.
ಹಣ ಹೋದರೆ 1930."

1930 ಎಂಬುದು ಸೈಬರ್ ವಂಚನೆಯ ದೂರು ಕೊಡುವ ಸಹಾಯವಾಣಿ. ಚೀಟಿಯಲ್ಲಿ ಇದಕ್ಕಿಂತ ಹೆಚ್ಚು ಬರೆದರೆ ಯಾರೂ ಓದುವುದಿಲ್ಲ. ಹತ್ತು ಸೂಚನೆಗಳ ಬಣ್ಣಬಣ್ಣದ ಪೋಸ್ಟರ್ ಸಭಾಂಗಣಕ್ಕೆ ಸರಿ, ಮನೆಗೆ ಈ ನಾಲ್ಕು ಸಾಲು. ಜೊತೆಗಾರರ ಮತ್ತು ಮಕ್ಕಳ ನಂಬರನ್ನು ಫೋನಿನ ಸ್ಪೀಡ್ ಡಯಲ್‌ಗೂ ಹಾಕಿಕೊಡಿ.

ಹಂತ 5: ಫೋನಿಗೆ ಬೇಲಿ

ಒಂದು ಗಂಟೆ ಬಿಡುವು ಮಾಡಿಕೊಂಡು ಹಿರಿಯರ ಪಕ್ಕದಲ್ಲೇ ಕೂತು, ಅವರ ಕೈಯಿಂದಲೇ ಮಾಡಿಸಿ. ಅವರ ಕೈಯಿಂದ ಕಸಿದು ಚಕಚಕ ಮಾಡಿಕೊಟ್ಟರೆ ಬೇಗ ಮುಗಿಯುತ್ತದೆ ನಿಜ, ಆದರೆ ಮುಂದೆ ಯಾರು ಬಂದು ಕಸಿದುಕೊಂಡರೂ ಕೊಡುವ ಅಭ್ಯಾಸವಾಗುತ್ತದೆ.

ಮೊದಲು *#21# ಡಯಲ್ ಮಾಡಿಸಿ. ಅವರ ಕರೆಗಳು ಬೇರೆ ನಂಬರಿಗೆ ಹೋಗುತ್ತಿವೆಯೇ ಎಂದು ತೋರಿಸುತ್ತದೆ. ಕೊರಿಯರ್‌ನವನ ಸೋಗಿನಲ್ಲಿ *21* ಅಥವಾ *401* ಹಾಕಿ ಒಂದು ನಂಬರು ಒತ್ತಿಸುವ ವಂಚನೆಯಿದೆ. ಒತ್ತಿದರೆ ಒಟಿಪಿ ಹೇಳುವ ಕರೆ, ವಾಟ್ಸ್ಆ್ಯಪ್ ದೃಢೀಕರಣದ ಕರೆ ಎಲ್ಲ ವಂಚಕನಿಗೆ ಹೋಗುತ್ತವೆ. ಗೊತ್ತಿಲ್ಲದ ನಂಬರು ಕಂಡರೆ ##002# ಒತ್ತಿಸಿ ರದ್ದು ಮಾಡಿ. ಅದು ಕೆಲಸ ಮಾಡದಿದ್ದರೆ ಫೋನ್ ಕಂಪನಿಯ ಮಳಿಗೆಗೆ ಕರೆದೊಯ್ಯಿರಿ.

ನಂತರ ವಾಟ್ಸ್ಆ್ಯಪ್. ಸೆಟ್ಟಿಂಗ್ಸ್, ಪ್ರೈವೆಸಿ, ಕಾಲ್ಸ್ ಎಂಬಲ್ಲಿ ಅಪರಿಚಿತರ ಕರೆಗಳನ್ನು ಮೌನವಾಗಿಸುವ ಆಯ್ಕೆಯಿದೆ, ಅದನ್ನು ಆನ್ ಮಾಡಿ. ಡಿಜಿಟಲ್ ಅರೆಸ್ಟ್‌ನ ವಿಡಿಯೊ ಕರೆ ಬರುವುದು ಇದೇ ದಾರಿಯಲ್ಲಾದ್ದರಿಂದ ಈ ಒಂದು ಬದಲಾವಣೆಗೇ ಬೆಲೆಯಿದೆ. ಗ್ರೂಪಿಗೆ ಸೇರಿಸುವ ಅವಕಾಶವನ್ನು ಪರಿಚಿತರಿಗೆ ಮಾತ್ರ ಬಿಡಿ. ನಕಲಿ ಷೇರು ಹೂಡಿಕೆಯ ಬಲೆ ಶುರುವಾಗುವುದು ಅಪರಿಚಿತ ಗ್ರೂಪುಗಳಿಂದ. ಎರಡು ಹಂತದ ದೃಢೀಕರಣಕ್ಕೆ ಆರಂಕಿಯ ಪಿನ್ ಹಾಕಿಸಿ. ಲಿಂಕ್ಡ್ ಡಿವೈಸಸ್ ತೆರೆದು, ಗೊತ್ತಿಲ್ಲದ ಕಂಪ್ಯೂಟರ್ ಇದ್ದರೆ ಕಿತ್ತುಹಾಕಿ.

ಆಂಡ್ರಾಯ್ಡ್‌ನಲ್ಲಿ "ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್" ಎಂದು ಸೆಟ್ಟಿಂಗ್ಸ್‌ನಲ್ಲಿ ಹುಡುಕಿ. ವಾಟ್ಸ್ಆ್ಯಪ್, ಬ್ರೌಸರ್, ಫೈಲ್ ಮ್ಯಾನೇಜರ್ ಮೂರಕ್ಕೂ ಅನುಮತಿ ತೆಗೆಯಿರಿ. ಪ್ಲೇ ಸ್ಟೋರಿನ ಪ್ಲೇ ಪ್ರೊಟೆಕ್ಟ್ ಆನ್ ಇರಲಿ. ಎನಿಡೆಸ್ಕ್, ಟೀಮ್‌ವ್ಯೂವರ್‌ನಂಥ ಸ್ಕ್ರೀನ್ ಹಂಚಿಕೆಯ ಆ್ಯಪ್ ಕಂಡರೆ, ಯಾಕೆ ಹಾಕಿಕೊಂಡರೆಂದು ಕೇಳಿ. ಆ್ಯಪ್ ಒಳ್ಳೆಯದೇ, ಆದರೆ ಯಾರೋ ಹಾಕಿಸಿದ್ದರೆ ಅಂದು ಏನಾಯಿತೆಂದು ತಿಳಿಯುವುದು ಮುಖ್ಯ.

ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಪೋರ್ಟಲ್ 2023ರಿಂದ, ಅದರ ಆ್ಯಪ್ 2025ರ ಜನವರಿಯಿಂದ ಇದೆ. ತಮ್ಮ ಹೆಸರಿನಲ್ಲಿ ಎಷ್ಟು ಸಿಮ್‌ಗಳಿವೆ ಎಂದು ಅದರಲ್ಲಿ ನೋಡಿ, ತಮ್ಮದಲ್ಲದ್ದನ್ನು ವರದಿ ಮಾಡಬಹುದು. ಅದರ "ಚಕ್ಷು" ವಿಭಾಗ ಅನುಮಾನದ ಕರೆ, ಸಂದೇಶಗಳನ್ನು ತಿಳಿಸಲು ಮಾತ್ರ. ಹಣ ಹೋದ ಮೇಲೆ ಚಕ್ಷುವಿನಲ್ಲಿ ದೂರು ಬರೆಯುತ್ತ ಕೂರಬೇಡಿ.

ಸಂದೇಶ ನಿಜವೋ ಸುಳ್ಳೋ ತಿಳಿಯಲು ಕೆಲವು ಗುರುತುಗಳಿವೆ. ಬ್ಯಾಂಕ್ ಹತ್ತಂಕಿಯ ಸಾಮಾನ್ಯ ಮೊಬೈಲ್ ನಂಬರಿನಿಂದ ಎಸ್ಎಂಎಸ್ ಕಳಿಸುವುದಿಲ್ಲ. ಬ್ಯಾಂಕುಗಳ ಸೇವಾ ಕರೆಗಳಿಗೆ 1600ರಿಂದ ಆರಂಭವಾಗುವ ಸರಣಿಯಿದೆ, ಪ್ರಚಾರದ ಕರೆಗಳಿಗೆ 140. ರಿಸರ್ವ್ ಬ್ಯಾಂಕ್ 2025ರ ಅಕ್ಟೋಬರ್ 31ರೊಳಗೆ ಬ್ಯಾಂಕುಗಳ ಜಾಲತಾಣ "ಡಾಟ್ ಬ್ಯಾಂಕ್ ಡಾಟ್ ಇನ್" ವಿಳಾಸಕ್ಕೆ ಬದಲಾಗಬೇಕೆಂದಿತ್ತು. ಇವು ಸ್ವಯಂಸೇವಕರಿಗೆ ಉಪಯೋಗ. ಹಿರಿಯರಿಗೆ ಇಷ್ಟೆಲ್ಲ ಹೇಳಿ ಗೊಂದಲ ಮಾಡಬೇಡಿ. ಅವರಿಗೆ ಒಂದೇ ನಿಯಮ: ಬಂದ ಕರೆಗೆ ಹಣದ ಕೆಲಸ ಮಾಡುವುದಿಲ್ಲ, ಫೋನಿಟ್ಟು ನಾನೇ ಕರೆ ಮಾಡುತ್ತೇನೆ. ಆ ನಂಬರನ್ನೂ ಗೂಗಲ್‌ನಲ್ಲಿ ಹುಡುಕಬಾರದು, ಅಲ್ಲಿ ನಕಲಿ ಗ್ರಾಹಕ ಸೇವಾ ನಂಬರುಗಳು ಇರುತ್ತವೆ. ಎಟಿಎಂ ಕಾರ್ಡಿನ ಹಿಂಬದಿಯಲ್ಲಿ ಅಥವಾ ಪಾಸ್‌ಬುಕ್ಕಿನಲ್ಲಿ ಇರುವುದೇ ಸರಿಯಾದ ನಂಬರು.

ಹಂತ 6: ಹಣವನ್ನು ಎರಡು ಕಡೆ ಇಡಿಸಿ

ಇದಕ್ಕೆ ಹಿರಿಯರ ಜೊತೆ ಅವರ ಮಕ್ಕಳೂ ಇರಲಿ. ತಂಡದ ಕೆಲಸ ದಾರಿ ತೋರಿಸುವುದಷ್ಟೇ.

ಪಿಂಚಣಿ ಮತ್ತು ಉಳಿತಾಯ ಇರುವ ಖಾತೆಗೆ ಯುಪಿಐ ಬೇಡ. ಇನ್ನೊಂದು ಸಣ್ಣ ಖಾತೆ ತೆರೆದು, ತಿಂಗಳ ಖರ್ಚಿನಷ್ಟು ಮಾತ್ರ ಅಲ್ಲಿಗೆ ಹಾಕಿ ಅದಕ್ಕೆ ಯುಪಿಐ ಜೋಡಿಸಿ. ಏನೇ ಆದರೂ ಹೋಗುವುದು ಆ ತಿಂಗಳ ಹಣ. ಯುಪಿಐನ ದಿನದ ಮಿತಿ ಸಾಮಾನ್ಯವಾಗಿ ಒಂದು ಲಕ್ಷ ರೂಪಾಯಿ. ತರಕಾರಿ, ಔಷಧಕ್ಕೆ ಅಷ್ಟೇಕೆ? ಮಿತಿ ತಗ್ಗಿಸುವ ಸೌಲಭ್ಯ ಇದ್ದರೆ ಐದು ಸಾವಿರಕ್ಕೆ ಇಳಿಸಿ. ಡೆಬಿಟ್ ಕಾರ್ಡಿನ ಆನ್‌ಲೈನ್ ಮತ್ತು ವಿದೇಶಿ ವಹಿವಾಟನ್ನು ಆಫ್ ಮಾಡಿಸಿ, ಇದಕ್ಕೆ 2020ರ ರಿಸರ್ವ್ ಬ್ಯಾಂಕ್ ಸೂಚನೆಯಂತೆ ಎಲ್ಲ ಬ್ಯಾಂಕುಗಳೂ ಸ್ವಿಚ್ ಕೊಟ್ಟಿವೆ.

2024ರಲ್ಲಿ ಬಂದ ಯುಪಿಐ ಸರ್ಕಲ್ ಇನ್ನೊಂದು ಒಳ್ಳೆಯ ದಾರಿ. ಮಗಳ ಖಾತೆಗೆ ತಾಯಿಯನ್ನು ಎರಡನೇ ಬಳಕೆದಾರರಾಗಿ ಸೇರಿಸಬಹುದು. ಒಂದು ಬಗೆಯಲ್ಲಿ ಪ್ರತಿ ಪಾವತಿಗೂ ಮಗಳು ತನ್ನ ಫೋನಿನಲ್ಲಿ ಒಪ್ಪಿಗೆ ಕೊಡಬೇಕು. ಇನ್ನೊಂದು ಬಗೆಯಲ್ಲಿ ಒಂದು ಸಲಕ್ಕೆ 5,000, ತಿಂಗಳಿಗೆ 15,000 ರೂಪಾಯಿ ಮೀರದಂತೆ ತಾಯಿಯೇ ಖರ್ಚು ಮಾಡಬಹುದು. ಸ್ವಾತಂತ್ರ್ಯ ಕಿತ್ತುಕೊಂಡಂತೆ ಕಾಣದಿರುವುದರಿಂದ ಎರಡನೆಯದನ್ನು ಹಿರಿಯರು ಸುಲಭವಾಗಿ ಒಪ್ಪುತ್ತಾರೆ.

ಎಫ್‌ಡಿಗಳ ವಿಷಯದಲ್ಲಿ ಬ್ಯಾಂಕಿಗೆ ಹೋಗಿ ಎರಡು ಪ್ರಶ್ನೆ ಕೇಳಿ: ಅವಧಿಗೆ ಮುಂಚೆ ಆನ್‌ಲೈನ್‌ನಲ್ಲಿ ಮುರಿಯುವುದನ್ನು ನಿಲ್ಲಿಸಬಹುದೇ? ಮಗ ಅಥವಾ ಮಗಳ ಜೊತೆ ಜಂಟಿಯಾಗಿಟ್ಟು, ಮುರಿಸಲು ಇಬ್ಬರ ಸಹಿಯೂ ಬೇಕೆಂದು ಮಾಡಬಹುದೇ? ಎರಡನೆಯದು ಡಿಜಿಟಲ್ ಅರೆಸ್ಟ್‌ಗೆ ಬಲವಾದ ಅಡ್ಡಿ. ಆದರೆ ಮಕ್ಕಳ ಜೊತೆ ಸಂಬಂಧ ಚೆನ್ನಾಗಿಲ್ಲದವರಿಗೆ ಇದನ್ನು ಸೂಚಿಸಬೇಡಿ, ಆಸ್ಪತ್ರೆ ಖರ್ಚಿಗೆ ಹಣ ಬೇಕಾದಾಗ ಆ ಸಹಿಗಾಗಿ ಅಂಗಲಾಚುವಂತಾಗಬಾರದು.

ಹತ್ತಿರದ ಬ್ಯಾಂಕ್ ಶಾಖೆಯ ಮ್ಯಾನೇಜರನ್ನು ಒಮ್ಮೆ ಭೇಟಿ ಮಾಡಿ. ಹಿರಿಯರೊಬ್ಬರು ಕಿವಿಗೆ ಫೋನ್ ಹಿಡಿದುಕೊಂಡೇ ಬಂದು, ಆತುರದಿಂದ ಎಫ್‌ಡಿ ಮುರಿಸಿ ಗೊತ್ತಿಲ್ಲದ ಕಂಪನಿಯ ಖಾತೆಗೆ ಆರ್‌ಟಿಜಿಎಸ್ ಕೇಳಿದರೆ ಒಳಗೆ ಕೂರಿಸಿ ನೀರು ಕೊಡಿ, "ಯಾರಾದರೂ ಫೋನಲ್ಲಿ ಹೀಗೆ ಮಾಡಿ ಅಂದರಾ?" ಎಂದು ಮೆಲ್ಲಗೆ ಕೇಳಿ ಎಂದು ವಿನಂತಿಸಿ. ಹತ್ತು ನಿಮಿಷದ ಆ ವಿಳಂಬದಲ್ಲಿ ಜನ ಉಳಿದುಕೊಳ್ಳುತ್ತಾರೆ.

ಹಂತ 7: ಅಭ್ಯಾಸ ಮಾಡಿಸಿ

ಓದಿದ್ದು ಮರೆತರೂ ಬಾಯಿಗೆ ಬಂದ ಮಾತು ಮರೆಯುವುದಿಲ್ಲ. ತಿಂಗಳ ಸಭೆಯಲ್ಲಿ ಹದಿನೈದು ನಿಮಿಷ ನಾಟಕ ಮಾಡಿ. ಒಬ್ಬರು ವಂಚಕ, ಒಬ್ಬರು ಹಿರಿಯರು:

"ಸಿಬಿಐನಿಂದ ಮಾತಾಡ್ತಿದೀನಿ. ನಿಮ್ಮ ಮೇಲೆ ವಾರಂಟ್ ಇದೆ."
"ನಮ್ಮ ಮಗಳಿಗೆ ಹೇಳಿ ಫೋನ್ ಮಾಡ್ತೀನಿ."
"ಫೋನ್ ಇಟ್ರೆ ಈಗಲೇ ಅರೆಸ್ಟ್ ಮಾಡ್ತೀವಿ!"
"ಮನೆಗೆ ಬನ್ನಿ. ಬೀಗ ಹಾಕಿಲ್ಲ." (ಫೋನ್ ಇಡುವುದು)

ಕೊನೆಯ ಕೆಲಸವೇ ಕಷ್ಟ. ಹಿರಿಯರು ಮರ್ಯಾದಸ್ಥರು, ಮಾತಿನ ನಡುವೆ ಫೋನಿಡುವುದು ಅಸಭ್ಯವೆಂದು ಬೆಳೆದವರು. "ಉತ್ತರ ಕೊಡಬೇಕಾಗಿಲ್ಲ, ಕೆಂಪು ಗುಂಡಿ ಒತ್ತಿ ಸಾಕು" ಎಂದು ನಾಲ್ಕಾರು ಸಲ ಕೈಯಿಂದಲೇ ಮಾಡಿಸಿ. ಎಚ್ಚರಿಸದೆ ಸುಳ್ಳು ಕರೆ ಮಾಡಿ ಪರೀಕ್ಷಿಸುವುದು ಮಾತ್ರ ಬೇಡ. ಸಿಕ್ಕಿಬಿದ್ದವರು ನಾಚಿ, ನಿಜವಾದ ಕರೆ ಬಂದಾಗ ನಿಮಗೇ ಹೇಳುವುದಿಲ್ಲ.

ಹಂತ 8: ಕರೆ ನಡೆಯುತ್ತಿರುವಾಗಲೇ ಗೊತ್ತಾದರೆ

ಮನೆಗೆ ಹೋಗಿ, ಫೋನ್ ಮಾಡಿದರೆ ಎತ್ತುವುದಿಲ್ಲ. ಬೆಲ್ ಮಾಡಿ, ಹೆಸರು ಹಿಡಿದು ಕರೆಯಿರಿ. ಒಳಗಿರುವವರಿಗೆ ನೀವೇ ಅಪಾಯದಂತೆ ಕಾಣುತ್ತೀರಿ, "ಯಾರನ್ನೂ ಒಳಗೆ ಬಿಡಬೇಡಿ" ಎಂದು ಅವರಿಗೆ ಹೇಳಿರುತ್ತಾರೆ. ಕೂಗಾಡಬೇಡಿ. "ಅಂಕಲ್, ಬಾಗಿಲು ತೆಗೀರಿ, ನಾನೊಬ್ಬನೇ ಇದೀನಿ. ಏನೂ ಕೇಳಲ್ಲ, ಪಕ್ಕದಲ್ಲಿ ಕೂತಿರ್ತೀನಿ" ಎನ್ನಿ. ಒಳಗೆ ಹೋದ ಮೇಲೆ ಫೋನ್ ಕಸಿಯದೆ, ಒಂದು ಹಾಳೆಯಲ್ಲಿ ದೊಡ್ಡದಾಗಿ "ಇದು ಮೋಸ. ನಿಮ್ಮ ತಪ್ಪೇನೂ ಇಲ್ಲ. ಫೋನ್ ಆಫ್ ಮಾಡಿ" ಎಂದು ಬರೆದು ಕ್ಯಾಮೆರಾಗೆ ಕಾಣದಂತೆ ತೋರಿಸಿ. ನಂಬದಿದ್ದರೆ 112ಕ್ಕೆ ಕರೆ ಮಾಡಿ ನಿಜವಾದ ಪೊಲೀಸರನ್ನು ಮನೆಗೆ ಕರೆಸಿ. ಎದುರಿಗೆ ಬಂದು ನಿಂತ ಪೊಲೀಸರನ್ನು ಕಂಡಾಗ ತೆರೆಯ ಮೇಲಿನ ಸಮವಸ್ತ್ರದ ಮಾಯೆ ಬಿಡುತ್ತದೆ.

ಹಂತ 9: ಹಣ ಹೋದ ಮೇಲಿನ ಮೊದಲ ಗಂಟೆ

ಹಣ ಒಂದು ಖಾತೆಯಲ್ಲಿ ನಿಲ್ಲುವುದಿಲ್ಲ. ಯಾರಿಂದಲೋ ಬಾಡಿಗೆಗೆ ಪಡೆದ ಖಾತೆಯಿಂದ ಇನ್ನೂ ಹಲವು ಖಾತೆಗಳಿಗೆ ಒಡೆದು, ಎಟಿಎಂನಲ್ಲಿ ನಗದಾಗಿ ಅಥವಾ ಕ್ರಿಪ್ಟೊ ಆಗಿ ಮಾಯವಾಗುತ್ತದೆ. ನಡುವೆ ಎಲ್ಲಾದರೂ ತಡೆದರೆ ಅಷ್ಟು ಉಳಿಯುತ್ತದೆ. 1930 ಸಹಾಯವಾಣಿಯ ಹಿಂದಿರುವ, 2021ರಲ್ಲಿ ಶುರುವಾದ ವ್ಯವಸ್ಥೆ ಬ್ಯಾಂಕುಗಳನ್ನು ಒಂದೇ ಜಾಲದಲ್ಲಿ ಸೇರಿಸಿರುವುದು ಇದಕ್ಕಾಗಿಯೇ. ಮಗ ಊರಿಂದ ಬರಲಿ, ನಾಳೆ ಠಾಣೆಗೆ ಹೋಗೋಣ ಎಂದು ಕಾಯುವುದೇ ದೊಡ್ಡ ತಪ್ಪು.

ಮೂವರು ಒಟ್ಟಿಗೆ ಕೆಲಸ ಹಂಚಿಕೊಳ್ಳಿ. ಒಬ್ಬರು 1930ಕ್ಕೆ ಕರೆ ಮಾಡಲಿ, ಸಿಗದಿದ್ದರೆ ಮತ್ತೆ ಮತ್ತೆ ಪ್ರಯತ್ನಿಸಲಿ. ಇನ್ನೊಬ್ಬರು ಬ್ಯಾಂಕಿಗೆ ಕರೆ ಮಾಡಿಸಿ ಕಾರ್ಡ್, ಯುಪಿಐ, ನೆಟ್ ಬ್ಯಾಂಕಿಂಗ್ ಮೂರನ್ನೂ ನಿಲ್ಲಿಸಲಿ, ದೂರಿನ ಸಂಖ್ಯೆ ಮತ್ತು ಸಮಯ ಬರೆದುಕೊಳ್ಳಲಿ. ಮೂರನೆಯವರು ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ತಾಣದಲ್ಲಿ ದೂರು ತುಂಬಲಿ. ಕೇಳುವ ವಿವರಗಳು: ಹಿರಿಯರ ಮೊಬೈಲ್ ನಂಬರು, ಬ್ಯಾಂಕ್ ಮತ್ತು ಖಾತೆ ಸಂಖ್ಯೆ, ಹಣ ಹೋದ ದಿನ, ಸಮಯ, ಮೊತ್ತ, ಹೋದ ಖಾತೆ ಅಥವಾ ಯುಪಿಐ ಐಡಿ, ವಹಿವಾಟಿನ ಸಂಖ್ಯೆ. ಯುಪಿಐನದು 12 ಅಂಕಿ, ಆರ್‌ಟಿಜಿಎಸ್‌ನದು 22 ಅಕ್ಷರ. ಒಂದು ಅಂಕಿ ತಪ್ಪಿದರೆ ಹಣದ ಜಾಡು ತಪ್ಪುತ್ತದೆ, ಆದ್ದರಿಂದ ಒಬ್ಬರು ಓದಿ ಇನ್ನೊಬ್ಬರು ತಾಳೆ ನೋಡಿ. ಹತ್ತು ಸಲ ಹಣ ಹೋಗಿದ್ದರೆ ಹತ್ತನ್ನೂ ಬೇರೆಬೇರೆಯಾಗಿ ನಮೂದಿಸಬೇಕು.

ಏನನ್ನೂ ಅಳಿಸಬೇಡಿ. ವಂಚಕರು ತಮ್ಮ ಕಡೆಯಿಂದಲೇ ವಾಟ್ಸ್ಆ್ಯಪ್ ಸಂದೇಶ ಅಳಿಸುತ್ತಾರೆ, ಹಾಗಾಗಿ ಬೇರೆ ಫೋನಿನಿಂದ ತಕ್ಷಣ ಫೋಟೊ ತೆಗೆಯಿರಿ. ಎಪಿಕೆ ಹಾಕಿಕೊಂಡಿದ್ದರೆ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಸಿಮ್ ತೆಗೆದು ಕೀಪ್ಯಾಡ್ ಫೋನಿಗೆ ಹಾಕಿ, ಬ್ಯಾಂಕಿನ ಕೆಲಸ ಅದರಿಂದ ಮಾಡಿ. ಸಾಕ್ಷ್ಯ ತೆಗೆದ ಮೇಲಷ್ಟೇ ಫೋನನ್ನು ಪೂರ್ತಿ ರೀಸೆಟ್ ಮಾಡುವುದು.

ಆಮೇಲೆ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧಗಳ) ಪೊಲೀಸ್ ಠಾಣೆಗೆ ಅಥವಾ ಹತ್ತಿರದ ಠಾಣೆಗೆ ಲಿಖಿತ ದೂರು ಕೊಡಿ. ವ್ಯಾಪ್ತಿ ನಮ್ಮದಲ್ಲ ಎಂದರೂ ಶೂನ್ಯ ಎಫ್‌ಐಆರ್ ದಾಖಲಿಸಲು ಕೇಳಬಹುದು. ಬ್ಯಾಂಕಿಗೂ ಲಿಖಿತವಾಗಿ ಕೊಟ್ಟು ಮೊಹರು ಹಾಕಿಸಿಕೊಳ್ಳಿ. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯಂತೆ, ಗ್ರಾಹಕರೇ ಒಟಿಪಿ ಕೊಟ್ಟಿದ್ದರೂ ಬ್ಯಾಂಕಿಗೆ ತಿಳಿಸಿದ ನಂತರ ಆಗುವ ನಷ್ಟ ಬ್ಯಾಂಕಿನದು. ತಿಳಿಸಿದ ಸಮಯಕ್ಕೆ ದಾಖಲೆ ಬೇಕಾಗುವುದು ಅದಕ್ಕೆ. 30 ದಿನದಲ್ಲಿ ಬ್ಯಾಂಕ್ ಉತ್ತರಿಸದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ ಹೋಗಬಹುದು, ಮಾಹಿತಿಗೆ 14448.

ಹಂತ 10: ಮುಂದಿನ ವಾರಗಳು

ಹಣಕ್ಕಿಂತ ದೊಡ್ಡ ಪೆಟ್ಟು ಮನಸ್ಸಿಗೆ ಬಿದ್ದಿರುತ್ತದೆ. "ಇಷ್ಟು ಓದಿ ಹೇಗೆ ಮೋಸ ಹೋದಿರಿ?" ಎಂಬ ಮಾತು ಮಕ್ಕಳ ಬಾಯಿಂದಲೇ ಬರುತ್ತದೆ. ಅದನ್ನು ತಡೆಯುವುದು ಜೊತೆಗಾರರ ಮೊದಲ ಕೆಲಸ. ಮಕ್ಕಳನ್ನು ಆಚೆ ಕರೆದು, ಈಗ ಬೈದರೆ ಮುಂದಿನ ಸಲ ನಿಮಗೆ ಗೊತ್ತಾಗುವುದೇ ಇಲ್ಲ ಎಂದು ತಿಳಿಹೇಳಿ. ಹಿರಿಯರ ಹೆಸರು ಸಂಘದ ಸಭೆಯಲ್ಲಿ, ಗ್ರೂಪಿನಲ್ಲಿ ಬರದಂತೆ ನೋಡಿಕೊಳ್ಳಿ. ಎರಡು ವಾರ ದಿನವೂ ಹೋಗಿ ಬನ್ನಿ. ನಿದ್ದೆ ಬಿಟ್ಟಿದ್ದರೆ, ಊಟ ಸೇರದಿದ್ದರೆ, "ಇದ್ದು ಏನು ಪ್ರಯೋಜನ" ಎಂಬ ಮಾತು ಬಂದರೆ ಹಗುರವಾಗಿ ತೆಗೆದುಕೊಳ್ಳಬೇಡಿ, ಒಬ್ಬರೇ ಬಿಡಬೇಡಿ. 2022ರಲ್ಲಿ ಆರಂಭವಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಅವರ ಜೊತೆ ಕೂತು ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ಶುಲ್ಕವಿಲ್ಲ. ಮನೆಯವರೇ ಹಿಂಸಿಸುತ್ತಿದ್ದರೆ ಹಿರಿಯರ ಸಹಾಯವಾಣಿ 14567.

ಇದೇ ವಾರಗಳಲ್ಲಿ ಎರಡನೇ ಕರೆ ಬರುತ್ತದೆ. "ಸೈಬರ್ ಠಾಣೆಯಿಂದ, ನಿಮ್ಮ ಹಣ ಸಿಕ್ಕಿದೆ, ಬಿಡಿಸಲು ಐದು ಸಾವಿರ ಶುಲ್ಕ ಕಟ್ಟಿ" ಅಥವಾ "ನಾನು ವಕೀಲ, ಹಣ ವಾಪಸ್ ಕೊಡಿಸ್ತೀನಿ" ಎಂದು. ನೊಂದವರು ಆಸೆಯಿಂದ ಇದನ್ನೂ ನಂಬುತ್ತಾರೆ. ದೂರು ದಾಖಲಾದ ದಿನವೇ ಈ ಬಗ್ಗೆ ಹೇಳಿಬಿಡಿ. ಬ್ಯಾಂಕುಗಳಲ್ಲಿ ತಡೆಹಿಡಿದ ಹಣ ವಾಪಸ್ ಪಡೆಯಲು ಸಾಮಾನ್ಯವಾಗಿ ನ್ಯಾಯಾಲಯಕ್ಕೆ ಅರ್ಜಿ ಹಾಕಿ ಆದೇಶ ಪಡೆಯಬೇಕು, ಅದಕ್ಕೆ ತನಿಖಾಧಿಕಾರಿಯಿಂದ ಯಾವ ಬ್ಯಾಂಕಿನಲ್ಲಿ ಎಷ್ಟು ತಡೆಹಿಡಿದಿದೆ ಎಂಬ ವಿವರ ಬೇಕು. ದೂರಿನ ಸ್ವೀಕೃತಿ ಸಂಖ್ಯೆ, ಎಫ್‌ಐಆರ್ ಪ್ರತಿ, ಖಾತೆಯ ಸ್ಟೇಟ್‌ಮೆಂಟ್, ಬ್ಯಾಂಕಿಗೆ ಕೊಟ್ಟ ಪತ್ರ ನಾಲ್ಕನ್ನೂ ಒಂದೇ ಫೈಲಿನಲ್ಲಿಡಿ. ತಿಂಗಳಿಗೊಮ್ಮೆ ಜೊತೆಗಾರರೊಬ್ಬರು ಆ ಫೈಲು ಹಿಡಿದು ಅವರೊಂದಿಗೆ ಠಾಣೆಗೆ ಹೋಗಿ ಬರಲಿ, ಪ್ರತಿ ಭೇಟಿಯ ದಿನಾಂಕವನ್ನೂ ಮಾತಾಡಿದ ಅಧಿಕಾರಿಯ ಹುದ್ದೆಯನ್ನೂ ಫೈಲಿನ ಮೊದಲ ಹಾಳೆಯಲ್ಲಿ ಬರೆದಿಡಲಿ.